ಡಿ ಸೆಕ್ಷನ್ನಿನ ಕ್ಲಾಸ್ ಟೀಚರ್

ಕಳೆದ ಸಂಚಿಕೆಯಲ್ಲಿ ‘ಗೊಕುಸೆನ್’ ಎಂಬ ಜಪಾನಿ ಟಿವಿ ಧಾರಾವಾಹಿಯ ಬಗ್ಗೆ ಒಂದು ಪ್ರಶ್ನೆಗೆ ನಾಲ್ಕು ಸಾಲು ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಆಗ ಓದದೇ ಇದ್ದವರಿಗೆ ಚುಟುಕಾಗಿ ಹೇಳುತ್ತೇನೆ. ಇದು 2002ರಲ್ಲಿ ನಿಪ್ಪಾನ್ ಟಿವಿಯಲ್ಲಿ ಬಂದ ಹಾಸ್ಯ ಧಾರಾವಾಹಿ. ಕೊಜುಯೆಕೊ ಮೊರಿಮೊಟೊ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ, ಇದಕ್ಕೆ ಮೂಲ. ಯಾಮಾಗುಚಿ ಕುಮಿಕೊ ಎಂಬ ಹುಡುಗಿ ಶಿರೊಕಿನ್ ಎಂಬ ಗಂಡುಮಕ್ಕಳ ಹೈಸ್ಕೂಲಿಗೆ ಗಣಿತ ಟೀಚರಾಗಿ ಸೇರುತ್ತಾಳೆ. ಅವಳ ಪಾಲಿಗೆ ಬರುವುದು ಮೂರನೇ ವರ್ಷದ ಡಿ ಸೆಕ್ಷನ್. ಇಡೀ ಶಾಲೆಯೇ ಕೈಬಿಟ್ಟಿರುವ ಕ್ಲಾಸು. ಇತ್ತ ಅವಳ ಮನೆಯದೇ ಒಂದು ದೊಡ್ಡ ಗುಟ್ಟಿದೆ. ತಾತ ಯಾಕುಜಾ, ಅಂದರೆ ಜಪಾನಿನ ಭೂಗತ ಲೋಕದ ಗುಂಪೊಂದರ ಯಜಮಾನ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳಕೊಂಡವಳನ್ನು ಸಾಕಿದ್ದು ಅವನೇ. ಅವನ ನಂತರ ಗುಂಪನ್ನು ನಡೆಸಬೇಕಾದವಳೂ ಅವಳೇ. ಆದರೆ ಅವಳಿಗೆ ಬೇಕಾಗಿರುವುದು ಟೀಚರ್ ಕೆಲಸ, ಬೇರೇನೂ ಅಲ್ಲ. ಹುಡುಗರು ಅವಳಿಗೆ ಇಟ್ಟ ಹೆಸರು ಯಾಂಕುಮಿ.

ನಾನೂ ಮಂಡ್ಯ ಜಿಲ್ಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ರಿಟೈರ್ ಆದವಳು. ಈ ಧಾರಾವಾಹಿಯ ಮೇಲೆ ನನಗೆ ಪ್ರೀತಿ ಜಾಸ್ತಿ. ಅದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನ ಉತ್ತರಗಳನ್ನು ಓದಿಕೊಳ್ಳಿ.

ಪ್ರ: ಮೇಡಂ, ನೀವು ಬರೆದಿದ್ದು ಓದಿ ಮಗಳ ಜೊತೆ ಕೂತು ನೋಡೋಕೆ ಶುರು ಮಾಡಿದೆ. ನಗು ಬಂತು, ಇಲ್ಲ ಅನ್ನಲ್ಲ. ಆದರೆ ಎಲ್ಲ ಕಂತೂ ಒಂದೇ ಥರ ಅಲ್ವಾ? ಒಬ್ಬ ಹುಡುಗ ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತಾನೆ, ಟೀಚರ್ ಹೋಗಿ ಹೊಡೆದಾಡಿ ಬಿಡಿಸಿಕೊಂಡು ಬರುತ್ತಾಳೆ. ಮುಂದಕ್ಕೆ ನೋಡಬೇಕಾ?
(ಗೃಹಿಣಿ, ಕುವೆಂಪುನಗರ, ಮೈಸೂರು)

ಉ: ನೋಡಿ. ಒಂದೇ ಥರ ಇದೆ ಅನ್ನೋದು ನಿಜ. ಬೇಕೆಂದೇ ಹಾಗೆ ಮಾಡಿದ್ದಾರೆ. ಮಂಡ್ಯದ ಕಡೆ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಭೀಮ ಯಾವಾಗ ಬರುತ್ತಾನೆ, ಬಂದು ಏನು ಹೇಳುತ್ತಾನೆ ಅಂತ ಊರಿನ ಮಕ್ಕಳಿಗೂ ಗೊತ್ತು. ಹಾಗಂತ ಯಾರೂ ಎದ್ದು ಹೋಗುವುದಿಲ್ಲ. ಅವನು ಬರುವುದನ್ನೇ ಕಾಯುತ್ತಾ ಬೆಳಗಿನ ಜಾವದವರೆಗೂ ಕೂತಿರುತ್ತಾರೆ.

ಇಲ್ಲಿಯೂ ಅಷ್ಟೇ. ಪುಂಡರು ಹುಡುಗರನ್ನು ಮೂಲೆಗೆ ಒತ್ತಿ ಹಾಕಿಕೊಂಡು ಬಡಿಯುತ್ತಿರುತ್ತಾರೆ. ಅಲ್ಲಿಗೆ ಒಬ್ಬಳೇ ನಡೆದುಕೊಂಡು ಬರುತ್ತಾಳೆ. ದಪ್ಪ ಕನ್ನಡಕ, ಎರಡು ಕಡೆ ಕಟ್ಟಿದ ಕೂದಲು, ಎಷ್ಟೋ ಸಲ ಮೈಮೇಲೆ ಅದೇ ಟ್ರ್ಯಾಕ್ ಸೂಟು. ಪುಂಡರಿಗೆ ನಗು. ಅವಳು ಅವಸರ ಮಾಡುವುದಿಲ್ಲ. ಮೊದಲು ಕನ್ನಡಕ ತೆಗೆಯುತ್ತಾಳೆ. ಆಮೇಲೆ ಕೂದಲಿಗೆ ಹಾಕಿದ ಬ್ಯಾಂಡ್ ಎಳೆದು ಬಿಚ್ಚುತ್ತಾಳೆ. ಕೂದಲು ಹೆಗಲ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಕೀಚಲಾಗಿ ಕೇಳುತ್ತಿದ್ದ ದನಿ ತಟ್ಟನೆ ಕೆಳಗಿಳಿಯುತ್ತದೆ. ನೀನು ಯಾರು ಅಂತ ಕೇಳಿದರೆ ಅವಳ ಉತ್ತರ ಒಂದೇ. ಇವರ ಕ್ಲಾಸ್ ಟೀಚರ್. ಅಷ್ಟೇ. ತಾತನ ಹೆಸರು ಹೇಳಿದ್ದರೆ ಅವರೆಲ್ಲ ಓಡಿಹೋಗುತ್ತಿದ್ದರು. ಅದನ್ನು ಹೇಳದೆ ಟೀಚರ್ ಅನ್ನುತ್ತಾಳಲ್ಲ, ಅಲ್ಲಿ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

ಒಂದು ಸಲಹೆ ಕೊಡುತ್ತೇನೆ. ಹೊಡೆದಾಟದ ಮೇಲೆ ಕಣ್ಣು ನೆಡಬೇಡಿ, ಅದು ಬೇಗ ಮುಗಿಯುತ್ತದೆ. ಮುಗಿದ ಮೇಲೆ ಆ ಹುಡುಗನಿಗೆ ಅವಳು ಏನು ಹೇಳುತ್ತಾಳೆ ಅದನ್ನು ಕೇಳಿ. ಆ ಮಾತು ಪ್ರತಿ ಕಂತಿಗೂ ಬದಲಾಗುತ್ತದೆ. ಏಕೆಂದರೆ ಹುಡುಗ ಬೇರೆ, ಅವನ ಮನೆ ಬೇರೆ, ಅವನ ಕಷ್ಟ ಬೇರೆ. ಕಥೆಯ ಅಚ್ಚು ಒಂದೇ ಇಟ್ಟುಕೊಂಡಿದ್ದರಿಂದಲೇ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುತ್ತದೆ. ಎಲ್ಲವೂ ಪ್ರತಿ ಸಲ ಬದಲಾಗಿದ್ದರೆ ಗಲಾಟೆಯಲ್ಲಿ ಹುಡುಗ ಕಳೆದುಹೋಗುತ್ತಿದ್ದ.

ಪ್ರ: ಜಪಾನಿ ಧಾರಾವಾಹಿಗಳು ಹತ್ತು ಹನ್ನೆರಡು ಕಂತಿಗೇ ಮುಗಿಯುತ್ತವಲ್ಲ, ಏಕೆ? ನಮ್ಮಲ್ಲಿ ವರ್ಷಗಟ್ಟಲೆ ಓಡುತ್ತವೆ.
(ಬಿ.ಕಾಂ. ವಿದ್ಯಾರ್ಥಿ, ಮಂಡ್ಯ)

ಉ: ಅಲ್ಲಿನ ಚಾನೆಲ್‌ಗಳು ವರ್ಷವನ್ನು ನಾಲ್ಕು ಭಾಗ ಮಾಡಿಕೊಂಡಿವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಧಾರಾವಾಹಿಗಳು ಶುರುವಾಗುತ್ತವೆ. ವಾರಕ್ಕೆ ಒಂದೇ ಕಂತು, ಸುಮಾರು ಮುಕ್ಕಾಲು ಗಂಟೆ. ಮೂರು ತಿಂಗಳಾಗುತ್ತಿದ್ದಂತೆ ಜಾಗ ಬಿಡಬೇಕು. ‘ಗೊಕುಸೆನ್’ ಮೊದಲ ಸರಣಿ 2002ರ ಏಪ್ರಿಲ್‌ನಲ್ಲಿ ಶುರುವಾಗಿ ಜುಲೈ ಮೊದಲ ವಾರ ಮುಗಿಯಿತು. ಒಟ್ಟು 12 ಕಂತು. ಕಥೆ ಬರೆಯುವವರಿಗೆ ಕೊನೆ ಎಲ್ಲಿ ಅಂತ ಮೊದಲೇ ಗೊತ್ತಿರುತ್ತದೆ ಕಣಪ್ಪ. ಅದೇ ದೊಡ್ಡ ಲಾಭ.

ಪ್ರ: ನೀವು ಶಿಕ್ಷಕರಾಗಿದ್ದವರು. ಗ್ಯಾಂಗ್ ಮನೆಯ ಹುಡುಗಿ ಟೀಚರಾಗಿ ಬಂದು ಹೊಡೆದಾಡುವ ಕಥೆಯನ್ನು ಮಕ್ಕಳಿಗೆ ನೋಡಿ ಅಂತ ಹೇಳುವುದು ಸರಿಯೇ? ಲಾಂಗು ಮಚ್ಚು ನೋಡಿ ಹಾಳಾಗುತ್ತಿರುವ ಹುಡುಗರಿಗೆ ಇದೂ ಒಂದು ಬೇಕಿತ್ತೆ? ಬೇಸರದಿಂದ ಕೇಳುತ್ತಿದ್ದೇನೆ.
(ಪಿಯು ಕಾಲೇಜು ಉಪನ್ಯಾಸಕ, ಮಂಡ್ಯ)

ಉ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಸಾರ್. ತರಗತಿಯಲ್ಲಿ ನಿಂತು ದಿನಾ ಆ ಹುಡುಗರನ್ನು ನೋಡುವವರು ನೀವು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಮೊದಲಿಗೆ ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಧಾರಾವಾಹಿಯಲ್ಲಿ ಕಾಣುವ ಯಾಕುಜಾ ಮನೆ ಸಕ್ಕರೆ ಬೆರೆಸಿದ ಮನೆ. ತಾತ ಗಂಭೀರ, ನ್ಯಾಯವಂತ. ಮನೆಯ ಹುಡುಗರಿಬ್ಬರು ಬೀದಿಯಲ್ಲಿ ತಕೊಯಾಕಿ ಮಾರುತ್ತಾರೆ. ಆಕ್ಟೋಪಸ್ ತುಂಡು ಹಾಕಿ, ನಮ್ಮ ಪಡ್ಡಿನ ಹೆಂಚಿನಂಥದ್ದರಲ್ಲೇ ಸುಡುವ ತಿಂಡಿ ಅದು. ನಿಜವಾದ ಯಾಕುಜಾ ಹಾಗಿಲ್ಲ. ಸುಲಿಗೆ, ಜೂಜು, ಮಾದಕ ವಸ್ತು ಎಲ್ಲದರಲ್ಲೂ ಕೈಯಿದೆ. ಅವರನ್ನು ಹತೋಟಿಗೆ ತರಲೆಂದೇ ಜಪಾನ್ 1991ರಲ್ಲಿ ಪ್ರತ್ಯೇಕ ಕಾನೂನು ಮಾಡಿತು, 1992ರಲ್ಲಿ ಜಾರಿಗೆ ತಂದಿತು. ಮಕ್ಕಳ ಜೊತೆ ಕೂತು ನೋಡುವ ದೊಡ್ಡವರು ಇದನ್ನು ಒಂದು ಸಲ ಬಾಯಿಬಿಟ್ಟು ಹೇಳಬೇಕು. ಹಾಗೇ ಟೀಚರ್ ಕೈ ಎತ್ತುವ ವಿಷಯ. ಮಕ್ಕಳಿಗೆ ಹೊಡೆಯುವುದನ್ನು ಜಪಾನ್ 1947ರ ಶಾಲಾ ಶಿಕ್ಷಣ ಕಾಯ್ದೆಯಲ್ಲೇ ನಿಷೇಧಿಸಿದೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನೇ ಹೇಳುತ್ತದೆ. ಇದರಲ್ಲಿ ರಾಜಿ ಇಲ್ಲ.

ಈಗ ನನ್ನ ಮಾತು. ಒಂದು ಹಾಸ್ಯ ಕಥೆ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇಲ್ಲಿ ಯಾರನ್ನು ನೋಡಿ ನಗುತ್ತಿದ್ದೇವೆ? ಶಾಲೆಯ ಕಥೆ ಅಂದಕೂಡಲೇ ನಮ್ಮ ಎಷ್ಟೋ ಹಾಸ್ಯ ದೃಶ್ಯಗಳಲ್ಲಿ ಏನಾಗುತ್ತದೆ ಹೇಳಿ. ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಅವನಿಗೆ ಉತ್ತರ ಗೊತ್ತಿಲ್ಲ. ಏನೋ ತಪ್ಪು ಹೇಳುತ್ತಾನೆ. ಕ್ಲಾಸು ನಗುತ್ತದೆ, ನೋಡುವವರೂ ನಗುತ್ತಾರೆ. ತೊದಲುವವನು, ದಪ್ಪಗಿರುವವನು, ಇಂಗ್ಲಿಷ್ ಬಾರದ ಹಳ್ಳಿ ಹುಡುಗ, ಇವರೇ ಅಲ್ಲಿ ಸರಕು. ಹೀಗೆ ನಗಿಸಿಕೊಂಡ ಮಗು ಮನೆಗೆ ಹೋಗಿ ಏನು ಮಾಡುತ್ತದೆ ಅಂತ ಆ ದೃಶ್ಯ ಬರೆದವರು ಯೋಚಿಸಿರುವುದಿಲ್ಲ.

‘ಗೊಕುಸೆನ್’ ನೋಡಿ. ನಗು ಬರುವುದು ಯಾರಿಂದ? ವೈಸ್ ಪ್ರಿನ್ಸಿಪಾಲ್ ಸವಾತಾರಿಯಿಂದ. ಕತ್ಸುಹಿಸಾ ನಮಾಸೆ ಆ ಪಾತ್ರ ಮಾಡಿದ್ದಾರೆ. ಡಿ ಸೆಕ್ಷನ್ ಹೆಸರು ಕಿವಿಗೆ ಬಿದ್ದರೆ ಸಾಕು, ಆ ಮುಖದ ಒಂದೊಂದು ನರವೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತದೆ. ನಗು ಬರುವುದು ಸ್ಟಾಫ್ ರೂಮಿನಿಂದ. ಯಾಂಕುಮಿಯ ಮನೆಯ ಗಡವ ಗಂಡಸರಿಂದ, ಅವಳು ಗುಟ್ಟು ಮುಚ್ಚಿಡಲು ಪಡುವ ಪಾಡಿನಿಂದ, ಪೊಲೀಸ್ ಅಧಿಕಾರಿಯೊಬ್ಬನ ಮೇಲೆ ಅವಳಿಗೆ ಮನಸ್ಸಾಗುವುದರಿಂದ. ಯಾಕುಜಾ ಮನೆ ಹುಡುಗಿಗೆ ಪೊಲೀಸ್ ಮೇಲೆ ಪ್ರೀತಿ, ಯೋಚನೆ ಮಾಡಿ! ಅಂದರೆ ದೊಡ್ಡವರನ್ನು ನೋಡಿ ನಗುತ್ತೇವೆ. ಹುಡುಗರು ತಮಾಷೆ ಮಾಡುತ್ತಾರೆ, ಕೀಟಲೆ ಮಾಡುತ್ತಾರೆ, ಅದಕ್ಕೂ ನಗುತ್ತೇವೆ. ಆದರೆ ಒಬ್ಬ ಹುಡುಗನಿಗೆ ಕಷ್ಟ ಬಂದ ಗಳಿಗೆಯಿಂದ ಧಾರಾವಾಹಿ ಅವನ ಬಗ್ಗೆ ಒಂದೇ ಒಂದು ನಗೆ ಚಟಾಕಿ ಹಾರಿಸುವುದಿಲ್ಲ. ಓದು ಬರುವುದಿಲ್ಲ ಅನ್ನುವುದು ಅಲ್ಲಿ ಹಾಸ್ಯದ ವಸ್ತುವೇ ಅಲ್ಲ.

ಇನ್ನೊಂದು ವಿಷಯ ಇದೆ. ಶಾಲೆಯಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಮೊದಲ ಬೆರಳು ತಿರುಗುವುದು ಡಿ ಸೆಕ್ಷನ್ ಕಡೆಗೆ. ಆಗ ಯಾಂಕುಮಿ ಸಾಕ್ಷಿ ಹುಡುಕಿಕೊಂಡು ಕೂರುವುದಿಲ್ಲ. ಹುಡುಗನ ಹತ್ತಿರ ಹೋಗಿ ನೀನು ಮಾಡಿದೆಯಾ ಅಂತ ಕೇಳುತ್ತಾಳೆ. ಇಲ್ಲ ಅಂದರೆ ನಂಬುತ್ತಾಳೆ. ಅಲ್ಲಿಂದ ಮುಂದಕ್ಕೆ ಇಡೀ ಶಾಲೆ ಎದುರು ನಿಂತರೂ ಹಿಂದೆ ಸರಿಯುವುದಿಲ್ಲ. ಹುಡುಗರಿಗೆ ದಿಗ್ಭ್ರಮೆ. ಅವರನ್ನು ಹಾಗೆ ಯಾರೂ ನಂಬಿದವರೇ ಇಲ್ಲ. ಸವಾದಾ ಶಿನ್ ಎಂಬ ಹುಡುಗ, ಜುನ್ ಮತ್ಸುಮೊಟೊ ಮಾಡಿರುವ ಪಾತ್ರ, ಮೊದಲಿಂದಲೂ ಯಾವ ಟೀಚರನ್ನೂ ಹತ್ತಿರ ಬಿಟ್ಟುಕೊಳ್ಳದವನು. ಅವಳ ಮನೆಯ ಗುಟ್ಟು ಹುಡುಗರ ಪೈಕಿ ಮೊದಲು ಗೊತ್ತಾಗುವುದೂ ಅವನಿಗೇ. ಅವನು ಅದನ್ನು ಬಾಯಿಬಿಡುವುದಿಲ್ಲ. ಕೊನೆಗೆ ಗುಟ್ಟು ಎಲ್ಲರಿಗೂ ರಟ್ಟಾಗುತ್ತದೆ. ಟೀಚರ್ ಕೆಲಸಕ್ಕೇ ಸಂಚಕಾರ ಬಂದಾಗ ಆ ಕ್ಲಾಸು ಏನು ಮಾಡುತ್ತದೆ ಅಂತ ನೀವೇ ನೋಡಿ.

ಹೊಡೆದಾಟ ಇಷ್ಟವಾಗದಿದ್ದರೆ ಆ ಐದು ನಿಮಿಷ ಓಡಿಸಿಬಿಡಿ. ಮಿಕ್ಕಿದ್ದನ್ನು ನಿಮ್ಮ ಹುಡುಗರ ಜೊತೆ ನೋಡಿ ಸಾರ್.

ಪ್ರ: ನಾನು ಒಂಬತ್ತನೇ ಕ್ಲಾಸು. ಜಪಾನಿನ ಸ್ಕೂಲು ನಿಜವಾಗಲೂ ಹಾಗೇ ಇರುತ್ತಾ? ಮಕ್ಕಳೇ ಕಸ ಗುಡಿಸುತ್ತಾರೆ ಅಂತ ಅಕ್ಕ ಹೇಳುತ್ತಾಳೆ. ತಾರಸಿ ಮೇಲೆ ಕೂತು ಊಟ ಮಾಡೋಕೆ ಬಿಡುತ್ತಾರಾ? ಅಲ್ಲಿನ ಕಲ್ಚರಲ್ ಫೆಸ್ಟ್ ಹೇಗಿರುತ್ತೆ?
(ವಿದ್ಯಾರ್ಥಿನಿ, ಪಾಂಡವಪುರ)

ಉ: ನಿಮ್ಮಕ್ಕ ಹೇಳಿದ್ದು ನಿಜ ಕಣಮ್ಮ. ಕ್ಲಾಸ್ ರೂಮು, ಕಾರಿಡಾರು, ಮೆಟ್ಟಿಲು ಎಲ್ಲ ಮಕ್ಕಳೇ ಗುಡಿಸಿ ಒರೆಸುತ್ತಾರೆ. ಬೆಂಚುಗಳನ್ನು ಹಿಂದಕ್ಕೆ ತಳ್ಳುವುದು, ಗುಡಿಸುವುದು, ಮತ್ತೆ ಮುಂದಕ್ಕೆ ಎಳೆಯುವುದು. ಗುಂಪು ಮಾಡಿಕೊಂಡು ಸರದಿ ಪ್ರಕಾರ ಮಾಡುತ್ತಾರೆ. ಹುಡುಗರಿಗೊಂದು ಕೆಲಸ, ಹುಡುಗಿಯರಿಗೊಂದು ಕೆಲಸ ಅಂತ ಇಲ್ಲ. ಇದನ್ನು ನಿಮ್ಮ ಕ್ಲಾಸಿನ ಹುಡುಗರಿಗೆ ಓದಿ ಹೇಳು.

ಬಾಗಿಲಲ್ಲಿ ಸಾಲಾಗಿ ಗೂಡುಗಳಿರುತ್ತವೆ. ಹೊರಗಿನ ಶೂ ಅಲ್ಲಿ ಬಿಟ್ಟು, ಒಳಗೆ ಹಾಕಿಕೊಳ್ಳುವ ಮೆತ್ತನೆ ಶೂ ಹಾಕಿಕೊಳ್ಳಬೇಕು. ಧಾರಾವಾಹಿಗಳಲ್ಲಿ ಪ್ರೇಮಪತ್ರ ಸಿಗುವುದು ಅದೇ ಗೂಡಿನಲ್ಲಿ. ಯಾರದ್ದೋ ಶೂ ಬಚ್ಚಿಟ್ಟು ಅಳಿಸುವುದೂ ಅಲ್ಲೇ.

ಊಟದ ವಿಷಯ. ಪ್ರೈಮರಿಯಲ್ಲಿ ಮತ್ತು ಸಾಮಾನ್ಯವಾಗಿ ಅದರ ಮುಂದಿನ ಮೂರು ವರ್ಷದಲ್ಲೂ ಶಾಲೆಯಲ್ಲೇ ಊಟ ಇರುತ್ತದೆ. ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಬಡಿಸುತ್ತಾರೆ. ಹೈಸ್ಕೂಲಿಗೆ ಬಂದ ಮೇಲೆ ಹೆಚ್ಚಾಗಿ ಮನೆಯಿಂದ ಡಬ್ಬಿ, ಇಲ್ಲವೇ ಶಾಲೆಯ ಅಂಗಡಿಯಲ್ಲಿ ಬನ್ನು. ತಾರಸಿ ಮೇಲೆ ಕೂತು ಉಣ್ಣುವುದು ಮಾತ್ರ ಟಿವಿಯಲ್ಲೇ ಜಾಸ್ತಿ. ಎಷ್ಟೋ ಶಾಲೆಗಳಲ್ಲಿ ತಾರಸಿಗೆ ಬೀಗ ಹಾಕಿರುತ್ತಾರೆ, ಬಿದ್ದರೆ ಅಪಾಯ ಅಂತ. ಧಾರಾವಾಹಿ ತೆಗೆಯುವವರಿಗೆ ತಾರಸಿ ಅಂದರೆ ಪ್ರಾಣ. ದೊಡ್ಡವರ ಕಣ್ಣಿಲ್ಲದೆ ಮಕ್ಕಳು ಮಾತಾಡಲು ಒಂದು ಜಾಗ ಬೇಕಲ್ಲ!

ಅಲ್ಲಿ ಹೈಸ್ಕೂಲು ಮೂರು ವರ್ಷ. ಮೂರನೇ ವರ್ಷ ಅಂದರೆ ನಮ್ಮ ಸೆಕೆಂಡ್ ಪಿಯುಸಿ ವಯಸ್ಸು. ಶಾಲೆ ಏಪ್ರಿಲ್‌ನಲ್ಲಿ ಶುರು, ಮಾರ್ಚ್‌ನಲ್ಲಿ ಬೀಳ್ಕೊಡುಗೆ. ಕಡ್ಡಾಯ ಶಿಕ್ಷಣ ಒಂಬತ್ತು ವರ್ಷ ಮಾತ್ರ. ಹೈಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಒಳ್ಳೆ ಶಾಲೆ, ಸಾಧಾರಣ ಶಾಲೆ, ಎಲ್ಲೂ ಸೀಟು ಸಿಗದವರು ಹೋಗುವ ಶಾಲೆ ಅಂತ ಅಲ್ಲೇ ಮಕ್ಕಳು ಬೇರೆ ಬೇರೆಯಾಗಿಬಿಡುತ್ತಾರೆ. ಯಾಂಕುಮಿಯ ಹುಡುಗರು ಕೊನೆಯ ಸಾಲಿನವರು. ಅದರಲ್ಲೂ ಡಿ ಸೆಕ್ಷನ್. ಹದಿನೈದು ವರ್ಷಕ್ಕೇ ಇಷ್ಟೇ ನೀವು ಅನ್ನಿಸಿಕೊಂಡವರು. ಇದು ಗೊತ್ತಿದ್ದರೆ ಅವರ ಸಿಡುಕು ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಇನ್ನು ಕಲ್ಚರಲ್ ಫೆಸ್ಟ್ ಬಗ್ಗೆ ಕೇಳಿದ್ದೀಯ. ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ನಡೆಯುತ್ತದೆ. ಒಂದು ಕ್ಲಾಸು ಭೂತಬಂಗಲೆ ಮಾಡುತ್ತದೆ, ಇನ್ನೊಂದು ಕ್ಲಾಸು ಕಾಫಿ ಅಂಗಡಿ ಇಡುತ್ತದೆ, ಮತ್ತೊಂದು ನಾಟಕ ಆಡುತ್ತದೆ. ನಮ್ಮ ಪ್ರತಿಭಾ ಕಾರಂಜಿಯಲ್ಲಿ ಹಾಡಲು ಕುಣಿಯಲು ಬರುವ ಮಕ್ಕಳಿಗೆ ಅವಕಾಶ ಸಿಗುತ್ತದೆ, ಸಂತೋಷ. ಅಲ್ಲಿ ಏನೂ ಬಾರದವನಿಗೂ ರಟ್ಟು ಕತ್ತರಿಸುವ ಕೆಲಸ, ಟೀ ಕೊಡುವ ಕೆಲಸ ಇರುತ್ತದೆ. ಅದು ನನಗೆ ಬಹಳ ಹಿಡಿಸಿತು. ನಮ್ಮ ಶಾಲೆಗಳಲ್ಲೂ ವರ್ಷಕ್ಕೊಂದು ದಿನ ಹಾಗೆ ಮಾಡಬಾರದೇಕೆ? ನಿಮ್ಮ ಕ್ಲಾಸ್ ಟೀಚರನ್ನು ಕೇಳಿನೋಡು.

ಪ್ರ: ಮೇಡಮ್ಮೋರೆ, ನಾನು ಕಬ್ಬು ಬೆಳೆಯುವವನು. ಮಗ ಸೆಕೆಂಡ್ ಪಿಯುಸಿ. ಕಾಲೇಜಿನಲ್ಲಿ ಮಾರ್ಕ್ಸ್ ನೋಡಿ ಸೆಕ್ಷನ್ ಮಾಡಿದ್ದಾರೆ, ಇವನು ಕೊನೆ ಸೆಕ್ಷನ್. ನಮ್ಮ ಸೆಕ್ಷನ್ನಿಗೆ ಲೆಕ್ಚರರ್ ಸರಿಯಾಗಿ ಬರೋದೇ ಇಲ್ಲ ಅಂತಾನೆ. ಮನೆಯಲ್ಲಿ ಮಾತು ಕಮ್ಮಿಯಾಗಿದೆ. ಮೊಬೈಲಲ್ಲಿ ಆ ಜಪಾನಿ ಟೀಚರನ್ನೇ ನೋಡ್ತಾ ಇರ್ತಾನೆ. ನಮ್ಮ ಕಡೆ ಅಂಥ ಟೀಚರು ಇರ್ತಾರಾ?
(ಒಬ್ಬ ತಂದೆ, ಮದ್ದೂರು ತಾಲ್ಲೂಕು)

ಉ: ಅಣ್ಣಾವ್ರೆ, ನಿಮ್ಮ ಮಗ ಸುಮ್ನೆ ನೋಡುತ್ತಿಲ್ಲ. ತನಗೆ ಏನು ಬೇಕೋ ಅದನ್ನು ನೋಡುತ್ತಿದ್ದಾನೆ. ಇದನ್ನು ನೀವು ಗಮನಿಸಿದ್ದೀರಲ್ಲ, ಅದೇ ದೊಡ್ಡದು.

ಇರ್ತಾರೆ. ನನ್ನ ಜೊತೆ ಕೆಲಸ ಮಾಡಿದವರಲ್ಲೇ ಇದ್ದರು. ಅವರು ಹೊಡೆದಾಡುವುದಿಲ್ಲ, ಕನ್ನಡಕ ತೆಗೆದು ಡೈಲಾಗ್ ಹೇಳುವುದಿಲ್ಲ. ಹುಡುಗ ಏಕೆ ಬಂದಿಲ್ಲ ಅಂತ ಕೇಳಿಕೊಂಡು ಮನೆಗೆ ಹೋಗುತ್ತಾರೆ. ಅಷ್ಟೇ ವ್ಯತ್ಯಾಸ.

ನಿಮ್ಮ ಕಡೆಯ ಶಾಲೆಯಲ್ಲೇ ನಡೆದದ್ದು ಒಂದು ಹೇಳುತ್ತೇನೆ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಎಬ್ಬಿಸಿ ಕೇಳಿದರೆ ಏನೇನೋ ಉತ್ತರ. ಆ ಉತ್ತರಗಳು ಸ್ಟಾಫ್ ರೂಮಿನಲ್ಲಿ ಟೀ ಜೊತೆ ನಗುವ ವಿಷಯವಾಗಿದ್ದವು. ಒಂದು ಸಂಜೆ ನಾನೂ ನಮ್ಮ ಕನ್ನಡ ಮೇಷ್ಟ್ರೂ ಅವನ ಊರಿಗೆ ಹೋದೆವು. ಮನೆಯಲ್ಲಿ ಇರಲಿಲ್ಲ, ಆಲೆಮನೆಯಲ್ಲಿದ್ದ. ಕಬ್ಬು ಅರೆಯುವ ಕಾಲ. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಒಣಗಿದ ಸಿಪ್ಪೆ ತಳ್ಳುತ್ತಿದ್ದ. ಮುಖ, ಕೈ ಎಲ್ಲ ಕೆಂಪಾಗಿತ್ತು. ಅವನ ಅಪ್ಪನಿಗೆ ಕಾಲು ಪೆಟ್ಟಾಗಿ ಮಲಗಿದ್ದರಂತೆ, ಅವರ ಬದಲು ರಾತ್ರಿ ಪಾಳಿ ಇವನದು. ನಮ್ಮನ್ನು ನೋಡಿ ಎದ್ದು ನಿಂತ. ಓಡಲಿಲ್ಲ. ಬೆಲ್ಲ ತಿನ್ನಿ ಮೇಡಂ ಅಂತ ಎಲೆ ಮೇಲೆ ಬಿಸಿ ಪಾಕ ಹಾಕಿ ಕೊಟ್ಟ.

ಮಾರನೇ ದಿನದಿಂದ ಅವನನ್ನು ಬೆಳಗಿನ ಪೀರಿಯಡ್‌ನಲ್ಲಿ ಎಬ್ಬಿಸುವುದು ನಿಲ್ಲಿಸಿದೆವು. ಕನ್ನಡ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಆ ವಿಷಯ ಹೇಳಿದರು. ಆಮೇಲೆ ಅಲ್ಲಿ ಅವನ ಬಗ್ಗೆ ಯಾರೂ ನಗಲಿಲ್ಲ. ಮಧ್ಯಾಹ್ನ ಊಟದ ನಂತರ ನನ್ನ ಹತ್ತಿರ ಬಂದು ಲೆಕ್ಕ ಮಾಡುತ್ತಿದ್ದ. ಪಾಸಾದ. ಈಗ ಮಂಡ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ನೀವು ಮಾಡಬೇಕಾದ್ದು ಏನು ಅಂದರೆ, ಕಾಲೇಜಿಗೆ ಹೋಗಿ. ಒಬ್ಬರೇ ಹೋಗಬೇಡಿ, ಅದೇ ಸೆಕ್ಷನ್ನಿನ ಇನ್ನೊಂದಿಬ್ಬರು ಹುಡುಗರ ಅಪ್ಪ ಅಮ್ಮನನ್ನೂ ಕರಕೊಂಡು ಹೋಗಿ. ಪಾಠ ನಡೆಯುತ್ತಿಲ್ಲವಾದರೆ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಮಗನ ಬಗ್ಗೆ ದೂರು ಕೇಳಲು ಹೋಗಬೇಡಿ. ಅವನು ಯಾವ ವಿಷಯದಲ್ಲಿ ಚೆನ್ನಾಗಿದ್ದಾನೆ ಅಂತ ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವನನ್ನು ಗಮನಿಸಲು ಶುರು ಮಾಡುತ್ತಾರೆ. ಮನೆಯಲ್ಲಿ ಕೊನೆ ಸೆಕ್ಷನ್ ಅನ್ನುವ ಮಾತು ಎತ್ತಲೇಬೇಡಿ, ನೆಂಟರ ಎದುರಿಗಂತೂ ಬೇಡವೇ ಬೇಡ. ಸೆಕೆಂಡ್ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ. ಒಂದು ಸಲ ಎಡವಿದರೆ ವರ್ಷ ಹಾಳಾಗುವುದಿಲ್ಲ ಅಂತ ಅವನಿಗೆ ನಿಮ್ಮ ಬಾಯಲ್ಲೇ ಹೇಳಿ.

ಮತ್ತೆ, ಒಂದು ರಾತ್ರಿ ಊಟ ಆದ ಮೇಲೆ ಅವನ ಪಕ್ಕ ಕೂತು ಒಂದು ಕಂತು ನೋಡಿ. ಭಾಷೆ ಬರಲ್ಲ, ಕಥೆ ಹೇಳಪ್ಪಾ ಅನ್ನಿ. ಅವನು ಹೇಳುತ್ತಾನೆ.

ಪ್ರ: ಇಂಗ್ಲಿಷ್ ಸಬ್‌ಟೈಟಲ್ ಓಡುವಷ್ಟು ಬೇಗ ಓದಲು ಆಗುವುದಿಲ್ಲ. ಏನು ಮಾಡಲಿ?
(ಟೈಲರ್, ಶ್ರೀರಂಗಪಟ್ಟಣ)

ಉ: ಮೊದಲ ಸಲ ಅದನ್ನು ಓದಲೇಬೇಡಿ. ಮುಖ ನೋಡಿ, ದನಿ ಕೇಳಿ. ಜಪಾನಿ ಹಾಸ್ಯ ನಟರು ಇಡೀ ಮೈಯಲ್ಲಿ ಅಭಿನಯ ಮಾಡುತ್ತಾರೆ, ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ಎರಡನೇ ಸಲ ಬೇಕಾದ ಕಡೆ ನಿಲ್ಲಿಸಿಕೊಂಡು ಓದಿ. ನೀವು ಕೈಯಲ್ಲಿ ಕೆಲಸ ಇಟ್ಟುಕೊಂಡು ನೋಡುವವರು ಅಂತ ಬರೆದಿದ್ದೀರಿ. ಇದಕ್ಕೆ ಮಾತ್ರ ಕೆಲಸ ಬದಿಗಿಡಬೇಕು.

ಪ್ರ: ಮನೆಯವರೂ ನಾನೂ ‘ಗೊಕುಸೆನ್’ ಮುಗಿಸಿದೆವು. ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡುವಾಗಲೂ ಅದರದೇ ಮಾತು. ಇಂಥದ್ದೇ ಬೇರೆ ಯಾವುದು ನೋಡಬಹುದು?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು)

ಉ: ‘ನೊಬುತಾ ವೊ ಪ್ರೊಡ್ಯೂಸ್’ ಅಂತ ಒಂದಿದೆ, 2005ರದ್ದು, 10 ಕಂತು. ಎಲ್ಲರಿಂದ ಹಿಂಸೆ ಅನುಭವಿಸುತ್ತಿರುವ, ತಲೆ ಎತ್ತಿ ಮಾತಾಡಲಾಗದ ಹುಡುಗಿಯನ್ನು ಇಬ್ಬರು ಹುಡುಗರು ಸೇರಿ ಇಡೀ ಶಾಲೆ ಮೆಚ್ಚುವಂತೆ ಮಾಡುತ್ತೇವೆ ಅಂತ ಹೊರಡುತ್ತಾರೆ. ನಗುತ್ತಾ ನಗುತ್ತಾ ನೋಡುವಾಗ ಮೆಲ್ಲಗೆ ಕಥೆ ಆ ಹುಡುಗರ ಕಡೆಗೇ ತಿರುಗುತ್ತದೆ. ಅವರಿಬ್ಬರಲ್ಲಿ ಎಲ್ಲರಿಗೂ ಬೇಕಾದವನಂತೆ ಇರುವ ಶೂಜಿಗೇ ನಿಜವಾದ ಸ್ನೇಹಿತರಿಲ್ಲ. ಮಾಕಿ ಹೊರಿಕಿತಾ ಆ ಹುಡುಗಿಯಾಗಿ ಮಾಡಿರುವುದನ್ನು ನೋಡಲೇಬೇಕು. ನನ್ನ ಮಟ್ಟಿಗೆ ಇದು ‘ಗೊಕುಸೆನ್’ಗಿಂತ ಆಳವಾದದ್ದು. ಮನಸ್ಸು ಭಾರವಾಗಿರುವ ದಿನ ಮಾತ್ರ ಶುರು ಮಾಡಬೇಡಿ.

ಅದೇ ವರ್ಷದ ‘ಡ್ರ್ಯಾಗನ್ ಜಕುರಾ’ದಲ್ಲಿ ಮುಚ್ಚುವ ಸ್ಥಿತಿಯಲ್ಲಿರುವ ಶಾಲೆಯೊಂದಕ್ಕೆ ವಕೀಲನೊಬ್ಬ ಬರುತ್ತಾನೆ. ಇಲ್ಲಿನ ಮಕ್ಕಳನ್ನು ಟೋಕಿಯೊ ವಿಶ್ವವಿದ್ಯಾಲಯಕ್ಕೇ ಸೇರಿಸುತ್ತೇನೆ ಅಂತ ಹಟ ಹಿಡಿಯುತ್ತಾನೆ. ಹಿರೋಶಿ ಅಬೆ ಆ ಪಾತ್ರ. ಅದರಲ್ಲಿ ಒಬ್ಬ ಮುದುಕ ಗಣಿತ ಮೇಷ್ಟ್ರು ಬರುತ್ತಾರೆ. ಗಡಿಯಾರ ಇಟ್ಟುಕೊಂಡು ಬರೀ ಕೂಡುವ ಕಳೆಯುವ ಲೆಕ್ಕಗಳನ್ನೇ ಮಾಡಿಸುತ್ತಾರೆ. ಬುನಾದಿ ಗಟ್ಟಿಯಾಗದೆ ಮೇಲಿನ ಗಣಿತ ನಿಲ್ಲುವುದಿಲ್ಲ ಅನ್ನುವುದು ಅವರ ಹಟ. ನೂರಕ್ಕೆ ನೂರು ಸರಿ. ಸಿಇಟಿ, ನೀಟ್ ಅಂತ ಓದುವ ಮೊಮ್ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

‘ವಾಟರ್ ಬಾಯ್ಸ್’ 2003ರದ್ದು. ಹುಡುಗರು ಸೇರಿ ನೀರಿನಲ್ಲಿ ತಾಳಬದ್ಧವಾಗಿ ಕುಣಿಯುವ ಈಜು ಕಲಿಯುತ್ತಾರೆ. ಕಾಲ್ಪನಿಕ ಅಂದುಕೊಳ್ಳಬೇಡಿ. ಸೈತಾಮಾ ಪ್ರಾಂತ್ಯದ ಕವಾಗೊಯೆ ಹೈಸ್ಕೂಲಿನ ಹುಡುಗರು ತಮ್ಮ ಶಾಲೆಯ ಹಬ್ಬದಲ್ಲಿ ನಿಜಕ್ಕೂ ಮಾಡುತ್ತಿದ್ದ ಪ್ರದರ್ಶನವೇ ಇದಕ್ಕೆ ಪ್ರೇರಣೆ. ಇನ್ನು 1998ರ ‘ಜಿಟಿಒ’. ಬೈಕ್ ಗ್ಯಾಂಗಿನಲ್ಲಿದ್ದವನು ಟೀಚರಾಗುವ ಕಥೆ. ಈ ಬಗೆಯ ಟೀಚರುಗಳಿಗೆಲ್ಲ ಅವನೇ ಅಣ್ಣ. ಚೆನ್ನಾಗಿದೆ, ಆದರೆ ಪೋಲಿ ಜೋಕುಗಳಿವೆ. ಮೊಮ್ಮಕ್ಕಳನ್ನು ಬಿಟ್ಟು ನೀವಿಬ್ಬರೇ ನೋಡಿ.

ಯಾಂಕುಮಿ ಪಾತ್ರ ಮಾಡಿದ ನಟಿಯ ಬಗ್ಗೆ ನಿಮ್ಮ ಮನೆಯವರು ಕೇಳಿದ್ದಾರೆ. ಅವರು ಯುಕಿಯೆ ನಕಾಮಾ, ಒಕಿನಾವಾದವರು. ‘ಗೊಕುಸೆನ್’ಗೆ ಮುಂಚೆ, 2000ದಲ್ಲಿ, ‘ಟ್ರಿಕ್’ ಎಂಬ ಹಾಸ್ಯ ಪತ್ತೇದಾರಿ ಧಾರಾವಾಹಿಯಲ್ಲಿ ಇದೇ ಹಿರೋಶಿ ಅಬೆ ಜೊತೆ ಮಾಡಿದ್ದರು. ಅದೂ ಸೊಗಸಾಗಿದೆ. ಡಿ ಸೆಕ್ಷನ್ನಿನ ಹುಡುಗರಲ್ಲಿ ಉಚಿಯಾಮಾ ಅಂತ ಒಬ್ಬನಿದ್ದಾನಲ್ಲ, ಅವನು ಶುನ್ ಒಗುರಿ. ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆ ವರ್ಷಕ್ಕೊಂದರಂತೆ ದೊಡ್ಡ ಐತಿಹಾಸಿಕ ಧಾರಾವಾಹಿ ಮಾಡುತ್ತದೆ. 2022ರದ್ದಕ್ಕೆ ಒಗುರಿ ನಾಯಕ, 2023ರದ್ದಕ್ಕೆ ಸವಾದಾ ಶಿನ್ ಪಾತ್ರದ ಮತ್ಸುಮೊಟೊ ನಾಯಕ. ಆ ಹಿಂದಿನ ಬೆಂಚಿನ ಇಬ್ಬರೂ!

ಪ್ರ: ‘ಗೊಕುಸೆನ್’ ಹೆಸರಲ್ಲಿ ಬಹಳ ಕಾಣುತ್ತವೆ. ಯಾವುದರಿಂದ ಶುರು ಮಾಡಬೇಕು?
(ನರ್ಸ್, ನಂಜನಗೂಡು)

ಉ: ಹೆಸರಿನ ಜೊತೆ ವರ್ಷ ಹಾಕಿ ಹುಡುಕಿ. 2002, 2005, 2008ರಲ್ಲಿ ಮೂರು ಸರಣಿ ಬಂದವು, 2009ರಲ್ಲಿ ಸಿನಿಮಾ. ನಡುವೆ 2004ರದ್ದು ಕಾರ್ಟೂನ್, ಅದು ಬೇರೆ. 2002ರಿಂದಲೇ ಶುರು ಮಾಡಿ. ಪ್ರತಿ ಸರಣಿಯಲ್ಲೂ ಶಾಲೆ ಬೇರೆ, ಹುಡುಗರು ಬೇರೆ, ಯಾಂಕುಮಿ ಮಾತ್ರ ಅವಳೇ. ವೈಸ್ ಪ್ರಿನ್ಸಿಪಾಲ್ ಸವಾತಾರಿ ಕೂಡ ಪ್ರತಿ ಸಲ ಆ ಹೊಸ ಶಾಲೆಯಲ್ಲೇ ಇರುತ್ತಾರೆ. ನೇರವಾಗಿ ಎರಡನೆಯದನ್ನು ನೋಡಿದರೂ ಕಥೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಯಾಂಕುಮಿ ಹೋಗಿ ಕೂರುವ ಒಂದು ನೂಡಲ್ಸ್ ಅಂಗಡಿ ಇದೆ. ಅಲ್ಲಿ ಬಟ್ಟಲು ತಂದಿಡುವ ದಪ್ಪನೆಯ ಯುವಕ ಯಾರು ಅಂತ ಗೊತ್ತಾಗಬೇಕಾದರೆ ಮೊದಲನೆಯದನ್ನು ನೋಡಿರಲೇಬೇಕು. ಅವನ ಹೆಸರು ಕುಮಾ. ಅವಳ ಮೊದಲ ಡಿ ಸೆಕ್ಷನ್ನಿನ ಹುಡುಗ.